ತೊಗರಿ ಖರೀದಿಗೆ ಆಫ್ರಿಕಾಕ್ಕೆ ಹೊರಟವರು ಯಾವ ಜ್ವರಕ್ಕೆ ಹೆದರಬೇಕು?

ಪ್ರಶ್ನೆ: ನಾನು ಕಲಬುರಗಿಯಲ್ಲಿ ದಾಲ್ ಮಿಲ್ ನಡೆಸುತ್ತಿದ್ದೇನೆ. ವಯಸ್ಸು 61. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಳ್ಳುತ್ತೇನೆ. ಬರುವ ಆಗಸ್ಟ್‌ನಲ್ಲಿ 27 ವರ್ಷದ ಮಗನನ್ನು ಕರೆದುಕೊಂಡು ತೊಗರಿ ಖರೀದಿಯ ಮಾತುಕತೆಗೆ ಮಲಾವಿ ಮತ್ತು ಮೊಜಾಂಬಿಕ್ ದೇಶಗಳಿಗೆ ಮೂರು ವಾರ ಹೋಗಿಬರುವವನಿದ್ದೇನೆ. ಹೋಗುವಾಗಲೂ ಬರುವಾಗಲೂ ನೈರೋಬಿಯಲ್ಲಿ ವಿಮಾನ ಬದಲಿಸಬೇಕು. ಹೇಗೂ ಇಳಿಯುತ್ತೇವಲ್ಲ ಎಂದು ಎರಡೆರಡು ದಿನ ಊರು ನೋಡಲು ಇಟ್ಟುಕೊಂಡಿದ್ದೇವೆ. ಹೊರಡಲು ಇನ್ನು ಆರು ವಾರ ಇದೆ. ಹಳದಿ ಜ್ವರದ ಕಾರ್ಡ್ ಬೇಕೇ ಬೇಕು ಎಂದು ಟಿಕೆಟ್ ಏಜೆಂಟ್ ಹೇಳುತ್ತಾನೆ. ಹೈದರಾಬಾದಿಗೆ ಓಡಾಡುವ ತಾಪತ್ರಯ ಬೇಡವೆಂದರೆ ಚುಚ್ಚಿಸಿಕೊಳ್ಳದೆಯೇ ಕಾರ್ಡ್ ತರಿಸಿಕೊಡುತ್ತೇನೆ ಎಂದೂ ಹೇಳುತ್ತಾನೆ. ಮಲೇರಿಯಾ ನಮ್ಮ ಕಡೆಯೂ ಇರುವುದರಿಂದ ಅದಕ್ಕೆ ಬೇರೆ ಏನೂ ಬೇಕಿಲ್ಲ ಎಂದುಕೊಂಡಿದ್ದೇನೆ. ಸರಿಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಭಯ ಮತ್ತು ಧೈರ್ಯ ಎರಡೂ ಅದಲು ಬದಲಾಗಿ ಕುಳಿತಿವೆ. ಹಳದಿ ಜ್ವರ ನಿಮ್ಮ ಪ್ರವಾಸದಲ್ಲಿ ಬಹುಮಟ್ಟಿಗೆ ವಿಮಾನ ನಿಲ್ದಾಣದಲ್ಲಿ ಎದುರಾಗುವ ಕಾಗದದ ತೊಡಕು. ನೀವು ಒಂದೇ ವಾಕ್ಯದಲ್ಲಿ ಪಕ್ಕಕ್ಕೆ ಸರಿಸಿರುವ ಮಲೇರಿಯಾ ಮಾತ್ರ ನಿಜವಾಗಿ ಜೀವಕ್ಕೆ ಕುತ್ತು ತರಬಲ್ಲದ್ದು. ಆದರೂ ತಾರೀಖಿಗೆ ಕಟ್ಟುಬಿದ್ದ ಕೆಲಸ ಹಳದಿ ಜ್ವರದ್ದೇ ಆದ್ದರಿಂದ ಅದನ್ನು ಮೊದಲು ಮುಗಿಸಿಬಿಡೋಣ.

ಹಳದಿ ಜ್ವರದ ವೈರಾಣು ನಮ್ಮ ದೇಶದಲ್ಲಿ ಇಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ಕಲಬುರಗಿಯ ಪ್ರತಿ ಬಡಾವಣೆಯಲ್ಲೂ ಇದೆ. ಪ್ರತಿ ವರ್ಷ ಡೆಂಗಿ ತರುವುದೂ ಇದೇ ಸೊಳ್ಳೆ. ಸೊಳ್ಳೆ ಸಿದ್ಧವಾಗಿದ್ದು ವೈರಾಣು ಮಾತ್ರ ಬಾರದಿರುವ ಈ ಸ್ಥಿತಿ ಕೆಡಬಾರದೆಂದೇ ಭಾರತ ಸರ್ಕಾರ ಈ ವಿಷಯದಲ್ಲಿ ಅಷ್ಟು ಬಿಗಿಯಾಗಿದೆ. ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶದಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರ ಬಳಿ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ, ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ಮಲಾವಿ ಮತ್ತು ಮೊಜಾಂಬಿಕ್ ಹಳದಿ ಜ್ವರದ ದೇಶಗಳಲ್ಲ. ನೈರೋಬಿ ಇರುವ ಕೀನ್ಯಾ ಆ ಪಟ್ಟಿಯಲ್ಲಿದೆ. ಅಂದರೆ ನಿಮಗೆ ಈ ಕಾರ್ಡಿನ ಗಂಟು ಬಿದ್ದಿರುವುದು ನೀವು ವ್ಯಾಪಾರಕ್ಕೆ ಹೋಗುವ ದೇಶಗಳಿಂದಲ್ಲ, ಊರು ನೋಡಲೆಂದು ಇಟ್ಟುಕೊಂಡ ಆ ಎರಡೆರಡು ದಿನಗಳಿಂದ. ನೈರೋಬಿಯಲ್ಲಿ ಎರಡು ದಿನ ಕಳೆದು ಮಲಾವಿಗೆ ಹೋದರೆ ಅಲ್ಲಿಯ ಅಧಿಕಾರಿಗಳೂ ಇದೇ ಕಾರ್ಡ್ ಕೇಳುತ್ತಾರೆ.

ನಿಮ್ಮ ಮಗನಿಗೆ ಬೇರೆ ಕಾಯಿಲೆ ಇಲ್ಲವೆಂದಾದರೆ ಅವರು ಯೋಚಿಸದೆ ಲಸಿಕೆ ಹಾಕಿಸಿಕೊಳ್ಳಲಿ. ನಿಮ್ಮ ವಿಷಯ ಬೇರೆ. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆ. 1930ರ ದಶಕದಲ್ಲಿ ಸಿದ್ಧವಾದ 17ಡಿ ಎಂಬ ತಳಿಯನ್ನೇ ಇಂದಿಗೂ ಬಳಸುತ್ತಾರೆ, ಅದನ್ನು ರೂಪಿಸಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಂತು. ಕೋಟ್ಯಂತರ ಜನರಿಗೆ ಕೊಟ್ಟಿರುವ, ನಂಬಬಹುದಾದ ಲಸಿಕೆಯೇ ಸರಿ. ಆದರೆ 60 ದಾಟಿದವರು ಜೀವಮಾನದಲ್ಲಿ ಮೊದಲ ಬಾರಿ ಅದನ್ನು ತೆಗೆದುಕೊಂಡಾಗ, ಲಸಿಕೆಯ ವೈರಾಣುವೇ ಯಕೃತ್ತು, ಮೂತ್ರಪಿಂಡ ಅಥವಾ ಮಿದುಳಿಗೆ ತೊಂದರೆ ಕೊಡುವ ಸಂಭವ ಚಿಕ್ಕವರಿಗಿಂತ ಹೆಚ್ಚು. ಅಪರೂಪವೇ, ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಸಂಭವ. ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಈ ಲಸಿಕೆ ನಿಷಿದ್ಧವಾಗುವುದಿಲ್ಲ. ಮೊಟ್ಟೆಯ ತೀವ್ರ ಅಲರ್ಜಿ, ಥೈಮಸ್ ಗ್ರಂಥಿಯ ಕಾಯಿಲೆ, ದೀರ್ಘಕಾಲದ ಸ್ಟಿರಾಯ್ಡ್ ಸೇವನೆ, ಕ್ಯಾನ್ಸರ್ ಚಿಕಿತ್ಸೆ ಇವುಗಳಲ್ಲಿ ಯಾವುದಾದರೂ ಇದ್ದರೆ ಕೊಡುವಂತಿಲ್ಲ.

ನೈರೋಬಿ ನಗರದೊಳಗೆ ಹಳದಿ ಜ್ವರ ತಗಲುವ ಸಾಧ್ಯತೆ ತೀರಾ ಕಡಿಮೆ. ಇಲ್ಲದ ಅಪಾಯಕ್ಕಾಗಿ, ಕೇವಲ ಕಾಗದದ ಸಲುವಾಗಿ, 61ನೇ ವಯಸ್ಸಿನಲ್ಲಿ ಲಸಿಕೆಯ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದಕ್ಕಿಂತ ಟಿಕೆಟ್ ಬದಲಿಸುವುದು ಅಗ್ಗ. ಜೊಹಾನ್ಸ್‌ಬರ್ಗ್ ಮೂಲಕ ಹೋಗಿಬನ್ನಿ. ಏಜೆಂಟ್ ಅಗ್ಗದ ದಾರಿಯೆಂದು ಅಡಿಸ್ ಅಬಾಬಾ ತೋರಿಸಿದರೆ ಒಪ್ಪಬೇಡಿ, ಏಕೆಂದರೆ ಇಥಿಯೋಪಿಯಾ ಕೂಡ ಅದೇ ಪಟ್ಟಿಯಲ್ಲಿದೆ. ನಿಲ್ದಾಣದಿಂದ ಹೊರಗೆ ಕಾಲಿಡದೆ ವಿಮಾನ ಬದಲಿಸಿದವರಿಗೆ ಭಾರತದ ನಿಯಮದಲ್ಲಿ ವಿನಾಯಿತಿ ಇದೆ ಎಂಬುದು ನಿಜ. ಆದರೆ ಆ ವಿನಾಯಿತಿ ಆರೋಗ್ಯಾಧಿಕಾರಿಗೆ ಮನವರಿಕೆಯಾಗುವುದರ ಮೇಲೆ ನಿಂತಿದೆ, ಮತ್ತು ಮೂರು ವಾರ ದಣಿದು ನಡುರಾತ್ರಿ ಬಂದಿಳಿದಾಗ ಅಂಥ ವಾದಕ್ಕೆ ನಿಲ್ಲುವ ಚೈತನ್ಯ ಯಾರಿಗೂ ಇರುವುದಿಲ್ಲ. ನೈರೋಬಿ ತಪ್ಪಿಸಲು ಆಗದಂಥ ಕೆಲಸವೇ ಇದ್ದರೆ, ನಿಮ್ಮ ವೈದ್ಯರಿಂದ ಪೂರ್ಣ ತಪಾಸಣೆ ಮಾಡಿಸಿಕೊಂಡು, ಅವರು ಒಪ್ಪಿದ ಮೇಲೆ ಲಸಿಕೆ ತೆಗೆದುಕೊಳ್ಳಬಹುದು.

ಈ ಲಸಿಕೆ ಸಿಗುವುದು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ. ನಮ್ಮ ಭಾಗದವರಿಗೆ ಬೆಂಗಳೂರಿಗಿಂತ ಹತ್ತಿರವಾದದ್ದು ಹೈದರಾಬಾದಿನ ನಾರಾಯಣಗೂಡದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್. ಸೀಸೆ ಒಡೆದು ಕಲಸಿದ ಲಸಿಕೆ ಕೆಲವೇ ತಾಸುಗಳಲ್ಲಿ ಕೆಡುವುದರಿಂದ ಜನ ಸೇರಿಸಿ ಗೊತ್ತಾದ ದಿನಗಳಲ್ಲಷ್ಟೇ ಕೊಡುವ ರೂಢಿ ಇದೆ. ಆದಕಾರಣ ಮೊದಲು ವಿಚಾರಿಸಿ, ದಿನ ಗೊತ್ತುಮಾಡಿಕೊಂಡು ಮಗನನ್ನು ಕಳಿಸಿ. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಜಾರಿಗೆ ಬರುತ್ತದೆ. 2016ರ ಜುಲೈ 11ರಿಂದ ಒಂದೇ ಡೋಸಿನ ಕಾರ್ಡ್ ಜೀವಮಾನವಿಡೀ ಸಿಂಧು. ಕಾರ್ಡಿನ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ ಹೊಂದಬೇಕು. ನಮ್ಮ ಕಡೆ ಆಧಾರ್‌ನಲ್ಲಿ ಅಡ್ಡಹೆಸರು ಬಿಟ್ಟು, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರನ್ನೂ ಅಡ್ಡಹೆಸರನ್ನೂ ಸೇರಿಸಿ ಬರೆಸುವ ಪದ್ಧತಿ ಇರುವುದರಿಂದ ಈ ತಪ್ಪು ಪದೇ ಪದೇ ಆಗುತ್ತದೆ. ಇನ್ನು ಏಜೆಂಟ್ ತರಿಸಿಕೊಡುವ ಕಾರ್ಡಿನ ಮಾತು: ಅದು ಖೊಟ್ಟಿ ದಾಖಲೆ. ಕಾರ್ಡಿನಲ್ಲಿ ಲಸಿಕೆಯ ಬ್ಯಾಚ್ ಸಂಖ್ಯೆ, ಕೇಂದ್ರದ ಮುದ್ರೆ, ಸಹಿ ಎಲ್ಲ ಇರುತ್ತವೆ, ಅವುಗಳನ್ನು ತಾಳೆ ನೋಡುವವರು ನಿಲ್ದಾಣದಲ್ಲಿ ಇದ್ದಾರೆ. ಸಿಕ್ಕಿಬಿದ್ದರೆ ಏಜೆಂಟ್ ನಿಮ್ಮ ಜೊತೆ ನಿಲ್ಲುವುದಿಲ್ಲ.

ಇನ್ನು ಮಲೇರಿಯಾ. 'ನಮ್ಮಲ್ಲೂ ಇದೆ' ಎಂಬ ಮಾತನ್ನು ನಾನು ಗಂಜಿನ ವ್ಯಾಪಾರಿಗಳಿಂದಲೂ ಕೇಳಿದ್ದೇನೆ, ಓದಿಕೊಂಡ ಎಂಜಿನಿಯರುಗಳಿಂದಲೂ ಕೇಳಿದ್ದೇನೆ. ಹೆಸರು ಒಂದೇ ಆದರೂ ಪ್ರಮಾಣವೂ ಬಗೆಯೂ ಬೇರೆ. ನಮ್ಮ ದೇಶದಲ್ಲಿ ವೈವಾಕ್ಸ್ ಮತ್ತು ಫಾಲ್ಸಿಪಾರಂ ಎಂಬ ಎರಡು ಬಗೆಯೂ ಕಾಣುತ್ತವೆ. ನಡುಗಿಸಿ ಬೆವರಿಸಿ ಮೂರನೆಯ ದಿನಕ್ಕೊಮ್ಮೆ ಮರುಕಳಿಸುವ ಜ್ವರವೆಂದು ಹಿರಿಯರು ಗುರುತಿಸುತ್ತಿದ್ದದ್ದು ಬಹುತೇಕ ಮೊದಲನೆಯದು. ಅದು ಹಣ್ಣುಗಾಯಿ ಮಾಡುತ್ತದೆ, ಆದರೆ ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಮಲಾವಿ ಮತ್ತು ಮೊಜಾಂಬಿಕ್‌ಗಳಲ್ಲಿ ಇರುವುದು ಬಹುಪಾಲು ಫಾಲ್ಸಿಪಾರಂ. ಇದರ ಸೋಂಕಿಗೆ ಒಳಗಾದ ರಕ್ತಕಣಗಳು ಅಂಟಂಟಾಗಿ ಸಣ್ಣ ರಕ್ತನಾಳಗಳ ಗೋಡೆಗೆ ಹತ್ತಿಕೊಳ್ಳುತ್ತವೆ. ಮಿದುಳಿನ ನಾಳಗಳು ಕಟ್ಟಿದರೆ ಪ್ರಜ್ಞೆ ತಪ್ಪುತ್ತದೆ, ಮೂತ್ರಪಿಂಡದಲ್ಲಿ ಕಟ್ಟಿದರೆ ಮೂತ್ರ ನಿಲ್ಲುತ್ತದೆ, ಮತ್ತು ಇದೆಲ್ಲ ಜ್ವರ ಶುರುವಾಗಿ ಎರಡು ಮೂರು ದಿನಗಳೊಳಗೇ ಆಗಬಹುದು. ಜಗತ್ತಿನಲ್ಲಿ ಮಲೇರಿಯಾದಿಂದ ಸಾಯುವವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಆಫ್ರಿಕಾ ಖಂಡದವರು.

ಅಲ್ಲಿಯ ವಯಸ್ಕರು ಇದೇ ಜ್ವರದಲ್ಲಿ ಎದ್ದು ಓಡಾಡುವುದನ್ನು ನೀವು ನೋಡುವಿರಿ. ಅದು ಬಾಲ್ಯದಿಂದ ನೂರಾರು ಬಾರಿ ಕಚ್ಚಿಸಿಕೊಂಡು ಗಳಿಸಿದ ಅರೆಬರೆ ರಕ್ಷಣೆ. ಅವರೇ ಕೆಲವು ವರ್ಷ ಊರು ಬಿಟ್ಟು ಹೊರಗಿದ್ದರೆ ಅದು ಕರಗಿಹೋಗುತ್ತದೆ. ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಅಂಥ ರಕ್ಷಣೆ ಏನೇನೂ ಇಲ್ಲ. ಚಿಕ್ಕಂದಿನಲ್ಲಿ ಎರಡು ಸಲ ಮಲೇರಿಯಾ ಬಂದುಹೋಗಿತ್ತು ಎಂಬುದು ಯಾವ ಲೆಕ್ಕಕ್ಕೂ ಬಾರದು.

ಆದ್ದರಿಂದ ನೀವಿಬ್ಬರೂ ತಡೆಗುಳಿಗೆ ನುಂಗಲೇಬೇಕು. ಇಂಥ ಆರು ವಾರದೊಳಗಿನ ಪ್ರವಾಸಕ್ಕೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸೂಚಿಸುವುದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು. ಹೊರಡುವ ಎರಡು ದಿನ ಮೊದಲು ಶುರು ಮಾಡಿ, ಅಲ್ಲಿರುವಷ್ಟು ದಿನವೂ ತೆಗೆದುಕೊಂಡು, ಊರಿಗೆ ಮರಳಿದ ಮೇಲೆ ಪೂರ್ತಿ ನಾಲ್ಕು ವಾರ ಮುಂದುವರಿಸಬೇಕು. ಜನ ಎಡವುವುದು ಈ ಕೊನೆಯ ನಾಲ್ಕು ವಾರಗಳಲ್ಲಿ. ಕಚ್ಚಿಸಿಕೊಂಡ ರೋಗಾಣು ಮೊದಲು ಯಕೃತ್ತಿನಲ್ಲಿ ಅಡಗಿದ್ದು ಆಮೇಲೆ ರಕ್ತಕ್ಕೆ ಇಳಿಯುತ್ತದೆ; ಈ ಗುಳಿಗೆ ಅದನ್ನು ಹಿಡಿಯುವುದು ರಕ್ತದಲ್ಲಿ ಮಾತ್ರ. ಮನೆಗೆ ಬಂದೆವೆಂದು ಗುಳಿಗೆ ಬಿಟ್ಟರೆ ಮೂರು ವಾರ ನುಂಗಿದ್ದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಈ ಗುಳಿಗೆಯನ್ನು ನುಂಗುವ ಕ್ರಮ ಗೊತ್ತಿಲ್ಲದೆ ಎದೆಯುರಿಯಿಂದ ನರಳಿ ಅರ್ಧಕ್ಕೇ ಬಿಟ್ಟವರನ್ನು ಬಲ್ಲೆ. ಊಟವಾದ ಮೇಲೆ ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಆಮೇಲೆ ಅರ್ಧ ಗಂಟೆಯಾದರೂ ಮಲಗಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ಹಾಲು, ಆಂಟಾಸಿಡ್, ಕಬ್ಬಿಣದ ಗುಳಿಗೆ ಇವು ಯಾವುದರೊಂದಿಗೂ ಕೂಡಿಸಬಾರದು. ಬಿಸಿಲಿಗೆ ಚರ್ಮ ಬೇಗ ಕೆಂಪೇರುತ್ತದೆ, ಟೊಪ್ಪಿಗೆ ಇರಲಿ. ಅಟೊವಾಕ್ವೋನ್–ಪ್ರೊಗ್ವಾನಿಲ್ ಎಂಬ ಜೋಡಿ ಗುಳಿಗೆಯನ್ನು ಮರಳಿದ ಮೇಲೆ ಏಳೇ ದಿನ ತೆಗೆದುಕೊಂಡರೆ ಸಾಕು, ಆದರೆ ಬೆಲೆ ಹೆಚ್ಚು. ವಾರಕ್ಕೊಂದು ನುಂಗುವ ಮೆಫ್ಲೊಕ್ವಿನ್ ಮನೋರೋಗ ಅಥವಾ ಮೂರ್ಛೆಯ ಇತಿಹಾಸ ಇರುವವರಿಗೆ ಆಗದು. ಮನೆಯಲ್ಲಿ ಉಳಿದಿರುವ ಕ್ಲೊರೊಕ್ವಿನ್ ಒಯ್ಯುವ ಯೋಚನೆ ಮಾತ್ರ ಬೇಡ. ಅದು ಕೆಲಸ ಮಾಡುತ್ತಿಲ್ಲವೆಂದು ಕಂಡುಕೊಂಡು 1993ರಷ್ಟು ಹಿಂದೆಯೇ ಅದನ್ನು ಕೈಬಿಟ್ಟ ಆಫ್ರಿಕಾದ ಮೊದಲ ದೇಶ ನೀವು ಹೋಗುತ್ತಿರುವ ಮಲಾವಿಯೇ.

ಗುಳಿಗೆ ನುಂಗಿದರೂ ಸೊಳ್ಳೆಯಿಂದ ಪಾರಾಗುವುದು ಬಿಡುವಂತಿಲ್ಲ. ಆಗಸ್ಟ್ ಅಲ್ಲಿ ಒಣ ಹವೆಯ, ತುಸು ಚಳಿಯ ತಿಂಗಳು. ಮಳೆಗಾಲಕ್ಕಿಂತ ಸೊಳ್ಳೆ ಕಡಿಮೆ, ಆದರೆ ಮಲೇರಿಯಾ ವರ್ಷವಿಡೀ ಇರುತ್ತದೆ. ಇದನ್ನು ಹರಡುವ ಅನಾಫಿಲಿಸ್ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ, ಮತ್ತು ನಿಮ್ಮ ವ್ಯವಹಾರದ ವೇಳೆಯೂ ಅದೇ. ಗೋದಾಮಿನಲ್ಲಿ ಚೀಲಕ್ಕೆ ಕೊಕ್ಕೆ ಹಾಕಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ, ತೇವ ಎಷ್ಟಿದೆ, ನುಸಿ ಹಿಡಿದಿದೆಯೇ ಎಂದು ನೋಡುತ್ತಾ ನಿಂತವರಿಗೆ ಹೊತ್ತು ಮುಳುಗಿದ್ದು ತಿಳಿಯುವುದಿಲ್ಲ. ಗಮನವೆಲ್ಲ ಕಾಳಿನ ಮೇಲೆ ಇರುವಾಗ ಹಿಮ್ಮಡಿಯ ಹತ್ತಿರ ಸೊಳ್ಳೆ ತನ್ನ ಕೆಲಸ ಮುಗಿಸಿರುತ್ತದೆ. ಸಂಜೆ ಐದಕ್ಕೇ ಕಾಲುಚೀಲ, ತುಂಬುತೋಳಿನ ಅಂಗಿ ಹಾಕಿಕೊಂಡು, ತೆರೆದ ಚರ್ಮಕ್ಕೆ ನೂರಕ್ಕೆ 20ರಿಂದ 30 ಭಾಗ ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಲೇಪನ ಹಚ್ಚಿಕೊಳ್ಳಿ. ಊರಿನಿಂದ ಒಯ್ಯುವ ಸೊಳ್ಳೆ ಬತ್ತಿಯನ್ನು ನೆಚ್ಚಿಕೊಂಡು ಕೂರಬೇಡಿ. ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆಯನ್ನು ಇಲ್ಲಿಂದಲೇ ಮಡಚಿ ಒಯ್ದು, ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ.

ನೀರು ಮತ್ತು ಊಟದ ವಿಷಯದಲ್ಲಿ ನಮ್ಮವರಿಗೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ, ಆದರೆ ಮಲಾವಿ 2022–23ರಲ್ಲಿ ತನ್ನ ಇತಿಹಾಸದಲ್ಲೇ ದೊಡ್ಡ ಕಾಲರಾ ಹಾವಳಿಯನ್ನು ಕಂಡ ದೇಶ. 50 ಸಾವಿರಕ್ಕೂ ಹೆಚ್ಚು ಜನರಿಗೆ ತಗಲಿ 1,700ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಕುದಿಸಿದ ಅಥವಾ ಮುಚ್ಚಳ ಮುರಿಯದ ಬಾಟಲಿಯ ನೀರು, ಬಿಸಿಯಾಗಿ ಬಡಿಸಿದ ಅಡುಗೆ, ನೀವೇ ಸುಲಿದ ಹಣ್ಣು, ಇಷ್ಟಕ್ಕೇ ನಿಲ್ಲಿ. ಐಸ್ ಬೇಡ. ನಿಮ್ಮ ಮಟ್ಟಿಗೆ ವಾಂತಿಭೇದಿಯಲ್ಲಿ ಇನ್ನೊಂದು ತೊಡಕಿದೆ: ಮೈಯ ನೀರು ಬತ್ತಿದಾಗ ಮೆಟ್‌ಫಾರ್ಮಿನ್ ಮೂತ್ರಪಿಂಡದ ಮೂಲಕ ಸರಿಯಾಗಿ ಹೊರಹೋಗದೆ ರಕ್ತದಲ್ಲಿ ಆಮ್ಲ ಹೆಚ್ಚಿಸಬಹುದು. ಅಂಥ ದಿನ ಗುಳಿಗೆ ನಿಲ್ಲಿಸುವುದು ಯಾವಾಗ, ಮತ್ತೆ ಶುರು ಮಾಡುವುದು ಯಾವಾಗ ಎಂಬುದನ್ನು ಹೊರಡುವ ಮುನ್ನವೇ ನಿಮ್ಮ ವೈದ್ಯರಿಂದ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸಕ್ಕರೆ ಇದೆ ಎಂಬ ಹೆದರಿಕೆಯಿಂದ ಓಆರ್‌ಎಸ್ ಬಿಡಬಾರದು. ಅದರಲ್ಲಿರುವ ಗ್ಲೂಕೋಸ್ ಕರುಳಿನಲ್ಲಿ ಉಪ್ಪನ್ನೂ ನೀರನ್ನೂ ಒಳಗೆ ಎಳೆಯುವ ಕೆಲಸಕ್ಕಾಗಿ ಇರುವಂಥದ್ದು.

ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಇಬ್ಬರಿಗೂ ಬೇಕು, ಕಲಬುರಗಿಯಲ್ಲೇ ಸಿಗುತ್ತದೆ. ಹೆಪಟೈಟಿಸ್ ಎ ವಿಷಯದಲ್ಲಿ ಅಪ್ಪ–ಮಗನ ನಡುವೆ ವ್ಯತ್ಯಾಸ ಉಂಟು. ಹಳ್ಳದ, ಬಾವಿಯ ನೀರು ಕುಡಿದು ಬೆಳೆದ ನಿಮ್ಮ ತಲೆಮಾರಿನವರಿಗೆ ಅದು ಚಿಕ್ಕಂದಿನಲ್ಲೇ ಗೊತ್ತಿಲ್ಲದಂತೆ ಬಂದುಹೋಗಿ ಜೀವಮಾನದ ರಕ್ಷಣೆ ಕೊಟ್ಟಿರುವುದೇ ಹೆಚ್ಚು. ಫಿಲ್ಟರ್ ನೀರಿನಲ್ಲಿ ಬೆಳೆದ ಮಗನಿಗೆ ಅದು ಇಲ್ಲದಿರಬಹುದು, ಮತ್ತು ದೊಡ್ಡವರಿಗೆ ಬಂದ ಆ ಕಾಮಾಲೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಸುತ್ತದೆ. ಅವರಿಗೆ ಲಸಿಕೆ ಹಾಕಿಸಿ. ನಿಮಗೆ ಫ್ಲೂ ಲಸಿಕೆ ಅವಶ್ಯ. ಮಲಾವಿ, ಮೊಜಾಂಬಿಕ್ ಎರಡರಲ್ಲೂ 2021–22ರ ಹೊತ್ತಿಗೆ ಪೋಲಿಯೊ ಮತ್ತೆ ತಲೆಯೆತ್ತಿತ್ತು. ಪ್ರವಾಸಿಗರಿಗೆ ಅನ್ವಯವಾಗುವ ಪೋಲಿಯೊ ಪಟ್ಟಿ ಆಗಾಗ ಬದಲಾಗುವುದರಿಂದ ಕೇಂದ್ರ ಆರೋಗ್ಯ ಇಲಾಖೆಯ ಸದ್ಯದ ಸೂಚನೆ ನೋಡಿಕೊಳ್ಳಿ, ಹನಿ ಬೇಕಿದ್ದರೆ ಹೊರಡುವ ನಾಲ್ಕು ವಾರ ಮೊದಲೇ ಹಾಕಿಸಿಕೊಳ್ಳಬೇಕಾಗುವುದರಿಂದ ಇದನ್ನು ಈ ವಾರವೇ ಮುಗಿಸಿ. ನಾಯಿ ಕಚ್ಚಿದರೆ ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಆ ಎರಡೂ ದೇಶಗಳಲ್ಲಿ ಎಚ್‌ಐವಿ ಸೋಂಕು ನಮ್ಮಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದನ್ನು ಮಗನಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಕಾಂಡೋಮ್ ಇಲ್ಲದ ಸಂಪರ್ಕ ಬೇಡ, ಕ್ಷೌರಕ್ಕೆ ನಿಮ್ಮದೇ ಬ್ಲೇಡ್ ಇರಲಿ.

ನೀವು ಕೇಳದೇ ಇದ್ದ ಒಂದು ಸಂಗತಿಯನ್ನು ಸೇರಿಸುತ್ತೇನೆ. ಮಲಾವಿಗೆ ಹೋದವರನ್ನು ಆತಿಥೇಯರು ಮಲಾವಿ ಸರೋವರಕ್ಕೆ ಕರೆದುಕೊಂಡು ಹೋಗದೆ ಇರುವುದಿಲ್ಲ. ಆ ನೀರು ತಳ ಕಾಣುವಷ್ಟು ತಿಳಿ. ಭೀಮಾ ನದಿಯಲ್ಲಿ ಮುಳುಗೆದ್ದು ಬೆಳೆದವರಿಗೆ ಇಳಿಯಬೇಕೆನಿಸುವುದು ಸಹಜ, ಆದರೆ ಇಳಿಯಬೇಡಿ. ದಡದ ನೀರಿನ ಬಸವನಹುಳುಗಳಿಂದ ಹೊರಬೀಳುವ ಸೂಕ್ಷ್ಮ ಮರಿಹುಳುಗಳು ನೆನೆದ ಚರ್ಮವನ್ನು ಕೊರೆದು ಒಳಸೇರಿ, ವಾರಗಳ ನಂತರ ಮೂತ್ರದಲ್ಲಿ ರಕ್ತ ಅಥವಾ ಕರುಳಿನ ಬೇನೆಯಾಗಿ ಕಾಣಿಸಿಕೊಳ್ಳುತ್ತವೆ. ಈ ಕಾಯಿಲೆಗೆ ಬಿಲ್ಹಾರ್ಜಿಯಾ ಎನ್ನುತ್ತಾರೆ. ನಮ್ಮ ಕಡೆಯ ವೈದ್ಯರು ಇದನ್ನು ಪುಸ್ತಕದಲ್ಲಿ ಓದಿರುತ್ತಾರೆಯೇ ಹೊರತು ಕಂಡಿರುವುದಿಲ್ಲ, ಹಾಗಾಗಿ ಕಲ್ಲು, ಮೂತ್ರದ ಸೋಂಕು ಎಂದು ಬೇರೆ ದಾರಿ ಹಿಡಿಯುವುದೇ ಹೆಚ್ಚು. ಅಕಸ್ಮಾತ್ ನೀರಿಗೆ ಇಳಿದಿದ್ದರೆ ಮರಳಿದ ಎರಡು ಮೂರು ತಿಂಗಳಿಗೆ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆಯಿಂದ ವಾಸಿಯಾಗುತ್ತದೆ.

ಮರಳಿದ ಮೇಲಿನ ಜ್ವರದ ಬಗ್ಗೆ ಬರೆಯುವಾಗ ನನಗೆ ಯಾದಗಿರಿ ಜಿಲ್ಲೆಯ ಒಬ್ಬ ಮೆಕ್ಯಾನಿಕ್ ನೆನಪಾಗುತ್ತಾನೆ. ಜ್ವರ ಬಂದ ಆರನೆಯ ದಿನ ಅವನನ್ನು ನನ್ನ ಬಳಿ ತಂದಾಗ ಕಣ್ಣು ಹಳದಿಯಾಗಿ, ಕರೆದರೆ ಮಾತ್ರ ಕಣ್ತೆರೆಯುವಷ್ಟು ಮಂಪರಿನಲ್ಲಿದ್ದ. ಜೊತೆಗಿದ್ದ ಪ್ಲಾಸ್ಟಿಕ್ ಚೀಲದಲ್ಲಿ ವಿಡಾಲ್ ಎಂಬ ಟೈಫಾಯ್ಡ್ ರಕ್ತಪರೀಕ್ಷೆಯ ಎರಡು ವರದಿಗಳು, ಟೈಫಾಯ್ಡ್ ಎಂದು ಬರೆದ ಚೀಟಿ, ಐದು ಸಲೈನ್ ಬಾಟಲಿಗಳ ಬಿಲ್ಲು ಇದ್ದವು. ಎಲ್ಲಿಂದ ಬಂದ ಎಂದು ಯಾರೂ ಕೇಳಿರಲಿಲ್ಲ. ಅವನ ಹೆಂಡತಿಯೂ, ಕೇಳಿದ ಮೇಲಷ್ಟೇ, ಮೊಜಾಂಬಿಕ್‌ನಿಂದ ಬಂದು ಎರಡು ವಾರವಾಯಿತು ಎಂದಳು. ರಕ್ತದ ಸ್ಲೈಡಿನಲ್ಲಿ ಉಂಗುರದಂತೆ ಕಾಣುವ ಫಾಲ್ಸಿಪಾರಂ ರೋಗಾಣುಗಳು ಕಿಕ್ಕಿರಿದಿದ್ದವು. ಆರ್ಟೆಸುನೇಟ್ ಇಂಜೆಕ್ಷನ್, ಹತ್ತು ದಿನ ಡಯಾಲಿಸಿಸ್ ಆದ ಮೇಲೆ ಬದುಕಿಕೊಂಡ. ನಮ್ಮ ಭಾಗದಲ್ಲಿ ಜ್ವರ ಎಂದರೆ ಮೊದಲು ವಿಡಾಲ್ ಬರೆಯುವ ಚಾಳಿ ಇದೆ. ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡವರಲ್ಲೂ ಹಿಂದೆ ಜ್ವರ ಬಂದುಹೋದವರಲ್ಲೂ ಅದು ಪಾಸಿಟಿವ್ ಬರಬಹುದು, ಹಾಗಾಗಿ ಅದನ್ನು ನಂಬಿ ಕೂರುವುದು ಎಂಥ ಪ್ರಮಾದವೆಂಬುದಕ್ಕೆ ಆ ಚೀಲವೇ ಸಾಕ್ಷಿ.

ಫಾಲ್ಸಿಪಾರಂ ಜ್ವರ ಕಚ್ಚಿಸಿಕೊಂಡ ಒಂದು ವಾರದೊಳಗೆ ಬರುವುದಿಲ್ಲ; ಹೆಚ್ಚಿನವರಲ್ಲಿ ಮರಳಿದ ಒಂದು ತಿಂಗಳೊಳಗೆ, ಕೆಲವರಲ್ಲಿ ಮೂರು ತಿಂಗಳವರೆಗೂ ಕಾದು ಬರುತ್ತದೆ. ಗುಳಿಗೆ ತಪ್ಪದೆ ನುಂಗಿದ್ದರೂ ಬರುವ ಸಾಧ್ಯತೆ ಪೂರ್ತಿ ಇಲ್ಲವೆನ್ನಲಾಗದು. ಆದ್ದರಿಂದ ನವೆಂಬರ್ ಕೊನೆಯವರೆಗೆ ನಿಮ್ಮಿಬ್ಬರಲ್ಲಿ ಯಾರಿಗೇ ಜ್ವರ ಬಂದರೂ ಅದೇ ದಿನ, ನಾಳೆ ನೋಡೋಣ ಎನ್ನದೆ, ಆಸ್ಪತ್ರೆಗೆ ಹೋಗಿ, ಡಾಕ್ಟರ ಮುಂದೆ ಕೂರುತ್ತಿದ್ದಂತೆ ಮೈಕೈ ನೋವಿನ ಮಾತಿಗೂ ಮೊದಲು 'ನಾನು ಆಫ್ರಿಕಾದಿಂದ ಬಂದಿದ್ದೇನೆ, ಇಂಥ ತಾರೀಖಿಗೆ ಬಂದೆ' ಎಂದು ಹೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಲೇರಿಯಾ ಪರೀಕ್ಷೆ, ಔಷಧ ಎರಡೂ ಉಚಿತ. ತ್ವರಿತ ಪರೀಕ್ಷೆಯ ಪಟ್ಟಿಯ ಜೊತೆಗೆ ರಕ್ತದ ಸ್ಲೈಡನ್ನೂ ನೋಡಲು ಕೇಳಿ; ಮೊದಲ ಸಲ ಏನೂ ಕಾಣದಿದ್ದು ಜ್ವರ ಇಳಿಯದಿದ್ದರೆ, ಹನ್ನೆರಡರಿಂದ ಇಪ್ಪತ್ತನಾಲ್ಕು ತಾಸು ಬಿಟ್ಟು ಇನ್ನೊಮ್ಮೆ, ಬೇಕಾದರೆ ಮತ್ತೊಮ್ಮೆ ಸ್ಲೈಡ್ ಮಾಡಿಸಿ.